ವೇಣಿ–೨ ಹೆಡ್‌ಫೋನಿನ ವಿಮರ್ಶೆ

ಅಂಚೆಯವನು ಕೊಟ್ಟ ಪೊಟ್ಟಣವನ್ನು ಬಿಚ್ಚುವಾಗಲೇ ಕೃಷ್ಣವೇಣಿಗೆ ಮೈಯೆಲ್ಲ ಉರಿಯಿತು. ಮೇಲೆ ಎರಡು ಸುತ್ತು ಬಿಗಿದ ರಬ್ಬರ್ ಬ್ಯಾಂಡು. ಒಳಗೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಅವಳೇ ತಯಾರಿಸಿ ವಿಮರ್ಶೆಗೆ ಕಳಿಸಿದ್ದ ಹೆಡ್‌ಫೋನು. ಸತ್ತ ಇಲಿಯನ್ನು ಬಾಲ ಹಿಡಿದು ಆಚೆ ಹಾಕುವವರು ಮಾತ್ರ ಏನನ್ನಾದರೂ ಹೀಗೆ ಕಟ್ಟುತ್ತಾರೆ.

ಜೊತೆಗೆ ‘ಶ್ರವಣ’ ಮಾಸಪತ್ರಿಕೆಯ ೧೯೮೬ರ ಫೆಬ್ರವರಿ ಸಂಚಿಕೆಯಿತ್ತು. ರೇಡಿಯೋ, ಟೇಪ್‌ರೆಕಾರ್ಡರುಗಳ ಹುಚ್ಚಿರುವ ಕೆಲವು ಸಾವಿರ ಜನ ಓದುವ ಪತ್ರಿಕೆ ಅದು. ಹನ್ನೊಂದನೆಯ ಪುಟದಲ್ಲಿ ಸೇತುರಾಮ ಎಂಬ ವಿಮರ್ಶಕನ ಅಂಕಣ.

“ವೇಣಿ–೨, ಬಟ್ಟಲಿನ ಹಿಂಬದಿ ಮುಚ್ಚದೆ ಜಾಲರಿ ಬಿಟ್ಟಿರುವ ಓಪನ್ ಬ್ಯಾಕ್ ಮಾದರಿ. ಬೆಲೆ ತೊಂಬತ್ತು ರೂಪಾಯಿ. ತಲೆಗೇರಿಸಿದ ಕೂಡಲೇ ಕೋಳಿಗೂಡಿನ ವಾಸನೆ. ತೆಗೆಯುವಾಗ ತಲೆಪಟ್ಟಿಯ ಸಂದಿನಲ್ಲಿ ನಾಲ್ಕು ಕೂದಲು ಅದಕ್ಕೇ ದಕ್ಷಿಣೆ. ಇನ್ನು ಸದ್ದೋ, ಹಳಸಿದ ಅನ್ನವನ್ನು ಒದ್ದೆ ಪಂಚೆಯಲ್ಲಿ ಕಟ್ಟಿ ಕಿವಿಗೆ ಒತ್ತಿದ ಹಾಗಿದೆ. ಕೆಳಗಿನ ಸ್ವರಗಳು ಊದಿಕೊಂಡಿವೆ, ಮೇಲಿನವು ಸತ್ತೇಹೋಗಿವೆ. ಅಗ್ಗವೆಂಬ ಒಂದೇ ಕಾರಣಕ್ಕೆ ಯಾರೂ ಅಸಹ್ಯವನ್ನು ಕೊಳ್ಳಬೇಕಾಗಿಲ್ಲ.”

ಯಲಹಂಕದ ಹಳೇ ಪೇಟೆಯ ಹಿಂದೆ, ರೈಲ್ವೆ ಹಳಿಯ ಪಕ್ಕದ ಶೀಟ್ ಮನೆಯೇ ಅವಳ ಕಾರ್ಖಾನೆ. ಅವಳಪ್ಪ ಅಶ್ವತ್ಥಪ್ಪ ರೈಲ್ವೆಯಿಂದ ನಿವೃತ್ತನಾದವನು, ಮಗಳಿಗೆಂದು ಆ ಜಾಗ ಬಿಟ್ಟುಕೊಟ್ಟಿದ್ದ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಇಪ್ಪತ್ತೆಂಟನೆಯ ವಯಸ್ಸಿಗೆ ಅವಳು ತನ್ನದೇ ಹೆಸರಿನ ಅರ್ಧವನ್ನು ಒಂದು ವಸ್ತುವಿನ ಮೇಲೆ ಅಚ್ಚು ಹಾಕಿಸಿದ್ದಳು. ಕೂದಲೆಳೆಯಂಥ ತಂತಿಯನ್ನು ಸುತ್ತಲು ನಾಲ್ವರು ಹೆಂಗಸರು ಬರುತ್ತಿದ್ದರು. ಅವರಲ್ಲಿ ಹಿರಿಯವಳು ಬಾಗಲೂರಿನ ಮುನಿನಾರಾಯಣಮ್ಮ.

“ಏನವ್ವಾ ಬರ್ದವ್ನೆ?” ಎಂದು ಅವಳು ಕೇಳಿದಳು.

“ನಾವು ಮಾಡಿದ್ದು ಹಳಸಿದ ಅನ್ನವಂತೆ.”

“ಅವನ ಬಾಯಿಗಿಷ್ಟು! ಅನ್ನಾನ ಯಾರಾನ ಕಿವಿಗಾಕ್ಕಂತಾರಾ?”

ಕೃಷ್ಣವೇಣಿ ನಗಲಿಲ್ಲ. ಚೀಲದಿಂದ ಹೆಡ್‌ಫೋನನ್ನು ತೆಗೆದು ಮೂಗಿನ ಹತ್ತಿರ ತಂದಳು. ಸ್ಪಂಜು ಅಂಟಿಸುವ ಗೋಂದು ನಿಜವಾಗಿಯೂ ಕೋಳಿಗೂಡಿನ ಹಾಗೆಯೇ ನಾರುತ್ತಿತ್ತು. ದಿನವೂ ಅದರಲ್ಲೇ ಮುಳುಗಿರುತ್ತಿದ್ದ ಅವಳ ಮೂಗಿಗೆ ಅದು ಇಷ್ಟು ದಿನ ತಿಳಿದಿರಲಿಲ್ಲ. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಆರ್.ಟಿ. ನಗರದಲ್ಲಿ ಅವನ ಮನೆಯ ಕರೆಗಂಟೆ ಒತ್ತಿದಳು. ವಿಳಾಸ ಪೊಟ್ಟಣದ ಮೇಲೇ ಇತ್ತು.

ಬಾಗಿಲು ತೆಗೆದವನಿಗೆ ಮೂವತ್ತೈದು ಇರಬಹುದು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ನೀಟಾಗಿ ಬಾಚಿದ ಕ್ರಾಪು. ಕನ್ನಡಕದ ಹಿಂದೆ ಏನನ್ನು ನೋಡಿದರೂ ಸ್ವಲ್ಪ ಹಿಂದೆ ಸರಿಯುವ ಕಣ್ಣು.

“ಸೇತುರಾಮ ಅಂದ್ರೆ ನೀವೇನಾ?”

“ಹೌದು. ತಾವು?”

“ಹಳಸಿದ ಅನ್ನ,” ಎಂದಳು ಕೃಷ್ಣವೇಣಿ.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಿವಿಯ ತುದಿಗಳು ಕೆಂಪಾದವು. ಆದರೂ ಮಾತು ತಡವರಿಸಲಿಲ್ಲ. “ಬನ್ನಿ. ಚಪ್ಪಲಿ ಅಲ್ಲೇ ಬಿಡಿ. ಅಲ್ಲಲ್ಲ, ಮ್ಯಾಟ್ ಮೇಲೆ ಬೇಡ, ಪಕ್ಕಕ್ಕೆ.”

ಚಪ್ಪಲಿಯನ್ನು ಅವಳು ಬೇಕೆಂದೇ ಮ್ಯಾಟಿನ ಮೇಲೆ ಬಿಟ್ಟಳು. ಅವನು ಅದನ್ನು ನೋಡಿದ, ತುಟಿ ಬಿಗಿದ.

ಕೋಣೆ ಆಸ್ಪತ್ರೆಯಷ್ಟು ಶುಭ್ರವಾಗಿತ್ತು. ಮೇಜಿನ ಮೇಲೊಂದು ಟೇಪ್ ಡೆಕ್ಕು, ಅದರ ಪಕ್ಕ ಅವನೇ ಕೂಡಿಸಿದ ಈಕ್ವಲೈಜರ್. ಹತ್ತು ಸ್ಲೈಡರುಗಳು ಸಾಲಾಗಿ ನಿಂತಿದ್ದವು. ಎಡಗಡೆಯವು ಮೃದಂಗದ ಗುಮ್ಮನ್ನು ಹೆಚ್ಚು ಕಡಿಮೆ ಮಾಡುವುವು, ಬಲಗಡೆಯವು ತಾಳದ ಕಿಣಿಕಿಣಿಯನ್ನು. ಬಾಟಲಿಯ ಸ್ಪಿರಿಟಿನಲ್ಲಿ ಹತ್ತಿಯನ್ನು ಅದ್ದಿ ಅವನು ಅವಳ ಕೈಯಿಂದ ಹೆಡ್‌ಫೋನನ್ನು ತೆಗೆದುಕೊಂಡು ಅದರ ಸ್ಪಂಜನ್ನು ಒರೆಸತೊಡಗಿದ.

“ಅದಕ್ಕೇನು ಕಾಯಿಲೆನಾ?” ಎಂದಳು.

“ಯಾರ್ ಯಾರ್ ತಲೆ ಮೇಲೆ ಕೂತಿರತ್ತೋ. ನನಗೆ ಇನ್ನೊಬ್ಬರ ಎಣ್ಣೆ ಅಂದ್ರೆ ಆಗಲ್ಲ. ವಾಕರಿಕೆ ಬರತ್ತೆ.”

“ನನಗೆ ನಿಮ್ಮ ಬರವಣಿಗೆ ಓದಿದಾಗ ಬಂತಲ್ಲ, ಅದೇ.”

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಸೇತುರಾಮನ ತಾಯಿ ಸತ್ಯವತಿ. “ಮಾತಾಡಮ್ಮ, ಮಾತಾಡು. ಈ ಮನೇಲಿ ಅವನಿಗೆ ಯಾರೂ ಎದುರಾಡಲ್ಲ,” ಎಂದು ಹೇಳಿ ಕಾಫಿಗೆ ಒಳಗೆ ಹೋದಳು.

ಸೇತುರಾಮ ವೀಣೆಯ ಕ್ಯಾಸೆಟ್ ಹಾಕಿದ. ಸ್ಲೈಡರುಗಳನ್ನು ಒಂದೊಂದಾಗಿ ಸರಿಸುತ್ತ ಹೋದ. ಕೆಳಗಿನ ಎರಡನ್ನು ಇಳಿಸಿದ, ಮೇಲಿನ ಮೂರನ್ನು ತುದಿಯವರೆಗೆ ಏರಿಸಿದ. ಕಣ್ಣು ಮುಚ್ಚಿದ. ಮುಖದ ಗಂಟೆಲ್ಲ ಸಡಿಲವಾಯಿತು. “ಈಗ ನೋಡಿ. ಈಕ್ವಲೈಜರ್‌ನಲ್ಲಿ ಇಷ್ಟೆಲ್ಲ ಸರ್ಕಸ್ ಮಾಡಿದ್ಮೇಲೆ ನಿಮ್ಮ ಹೆಡ್‌ಫೋನಲ್ಲಿ ವೀಣೆ ವೀಣೆ ಥರ ಕೇಳ್ತಿದೆ. ಕೇಳಿ.”

ಅವಳು ಹಾಕಿಕೊಂಡಳು, ತಕ್ಷಣ ಕಿತ್ತೆಸೆದಳು. ಸ್ಟೀಲ್ ತಟ್ಟೆಯ ಮೇಲೆ ಮೊಳೆಯಿಂದ ಗೀಚಿದ ಹಾಗಿತ್ತು. ಹಲ್ಲೆಲ್ಲ ಜುಮ್ಮೆಂದವು.

“ಥೂ! ಇದಾ ವೀಣೆ? ತಗಡು ಕತ್ತರಿಸ್ತಿದ್ದಾರೆ!”

“ನಿಮಗೆ ಕೇಳೋ ಅಭ್ಯಾಸ ಇಲ್ಲ,” ಎಂದ ಅವನು ತಣ್ಣಗೆ.

“ನಿಮಗೆ ಮನುಷ್ಯರ ಜೊತೆ ಮಾತಾಡೋ ಅಭ್ಯಾಸ ಇಲ್ಲ.”

ಅವಳು ಎದ್ದಳು. ಬಾಗಿಲವರೆಗೆ ಬಂದವನು ಗೋಡೆ ನೋಡುತ್ತ ಹೇಳಿದ, “ನೋಡಿ, ನಾನು ಬರೆದಿದ್ದು ವಾಪಸ್ ತಗೊಳ್ಳಲ್ಲ. ಆದ್ರೆ ಈ ಬೆಲೆಗೆ ನಮ್ಮ ಕಡೆ ಯಾರೂ ಓಪನ್ ಬ್ಯಾಕ್ ಮಾಡ್ತಿಲ್ಲ. ನೀವು ಮಾಡಿದೀರಿ. ಅದು ದೊಡ್ಡದು. ಸರಿ ಮಾಡ್ಬೋದು ಅಂತ ಅನ್ನಿಸಿದ್ರೆ ಭಾನುವಾರ ಬನ್ನಿ. ಕೂತು ನೋಡೋಣ. ಸರಿಹೋದ್ರೆ ಮತ್ತೆ ಬರೀತೀನಿ.”

ಬರುವುದಿಲ್ಲ ಎಂದುಕೊಂಡೇ ಅವಳು ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿದಳು. ಮಾರನೆಯ ದಿನ ಯಶವಂತಪುರದ ಸಗಟು ವ್ಯಾಪಾರಿ ಗುಂಡಣ್ಣ, “ಆ ಸೇತುರಾಮ ಇನ್ನೊಂದ್ಸಲ ಒಳ್ಳೇದು ಬರೆಯೋವರೆಗೂ ನಿಮ್ಮ ಮಾಲು ಇಳಿಸ್ಕೊಳ್ಳಲ್ಲಮ್ಮ” ಎಂದು ಹೇಳಿ ಕಳಿಸಿದ. ಮುಂದಿನ ಭಾನುವಾರ ಅವಳು ಮತ್ತೆ ಅದೇ ಕರೆಗಂಟೆ ಒತ್ತಿದಳು. ಚಪ್ಪಲಿಯನ್ನು ಮ್ಯಾಟಿನ ಮೇಲೆಯೇ ಬಿಟ್ಟಳು.

ಹೀಗೆ ಭಾನುವಾರಗಳು ಶುರುವಾದವು.

ಅವಳು ಒಂದೊಂದು ಬಗೆಯ ಹೆಡ್‌ಫೋನ್ ತರುತ್ತಿದ್ದಳು. ಒಂದರಲ್ಲಿ ಹಿಂಬದಿಯ ಜಾಲರಿಗೆ ತೆಳುವಾದ ಕಾಗದ, ಒಂದರಲ್ಲಿ ಉಣ್ಣೆಯ ಬಿಲ್ಲೆ, ಇನ್ನೊಂದರಲ್ಲಿ ಎರಡು ರಂಧ್ರ ಹೆಚ್ಚು. ಅವನು ಹಾಕಿಕೊಂಡು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಅವನ ಅಕ್ಷರ ಮುತ್ತಿನ ಹಾಗಿತ್ತು, ಬರೆದದ್ದು ಮಾತ್ರ ವಿಷ. ‘ಕೆಸರಿನಲ್ಲಿ ಎಮ್ಮೆ.’ ‘ನೆಗಡಿಯಾದವನ ಆಲಾಪನೆ.’ ‘ಇದಕ್ಕಿಂತ ಕಿವುಡುತನ ವಾಸಿ.’

“ಒಂದಾದ್ರೂ ಒಳ್ಳೇ ಮಾತು ಬರಲ್ವಾ ನಿಮಗೆ?”

“ಬರತ್ತೆ. ಸಿಕ್ಕಿದಾಗ ಹೇಳ್ತೀನಿ.”

“ಯಾವಾಗ ಸಿಗತ್ತೆ?”

ಅವನು ಅವಳ ಮುಖದ ಕಡೆ ನೋಡಿದ. ನೋಟ ಒಂದು ಕ್ಷಣ ಹೆಚ್ಚು ನಿಂತಿತು. ಆಮೇಲೆ ಗಾಬರಿಯಾದವನಂತೆ ಸ್ಪಿರಿಟಿನ ಹತ್ತಿಯಿಂದ ತನ್ನ ಬೆರಳನ್ನೇ ಒರೆಸಿಕೊಂಡ.

ಅವಳಿಗೆ ಅವನ ಬಹಳಷ್ಟು ಸಂಗತಿಗಳು ಹೇಸಿಗೆ ತರಿಸುತ್ತಿದ್ದವು. ಕಾಫಿಯ ಕೆನೆಯನ್ನು ಚಮಚದಲ್ಲಿ ಎತ್ತಿ ತಟ್ಟೆಯ ಅಂಚಿಗೆ ಒರೆಸುವುದು. ಯಾರಾದರೂ ಮಾತಾಡಿದರೆ ಮುಖವನ್ನು ಎಡಕ್ಕೆ ತಿರುಗಿಸಿಕೊಂಡು, ನಿಮ್ಮನ್ನು ನೋಡಲೂ ಇಷ್ಟವಿಲ್ಲ ಎಂಬಂತೆ ಕೂರುವುದು. ಗಲ್ಫಿನಿಂದ ಯಾರೋ ತಂದ ಒಂದು ವಿದೇಶಿ ಹೆಡ್‌ಫೋನನ್ನು ದೇವರ ಹಾಗೆ ಪೆಟ್ಟಿಗೆಯಲ್ಲಿ ಇಟ್ಟಿರುವುದು. ಅದನ್ನು ಹಾಕಿಕೊಂಡು ಅವಳಿಗೆ ತಲೆನೋವು ಬಂದಿತ್ತು.

ಆದರೆ ವಾರದ ಮಧ್ಯೆ, ತಂತಿ ಸುತ್ತುವಾಗ, ಅವನು ‘ಕೆಸರಿನಲ್ಲಿ ಎಮ್ಮೆ’ ಎಂದದ್ದು ನೆನಪಾಗಿ ಅವಳು ಒಬ್ಬಳೇ ನಗುತ್ತಿದ್ದಳು. ಅದಕ್ಕಾಗಿ ತನ್ನ ಮೇಲೇ ಅವಳಿಗೆ ರೇಗುತ್ತಿತ್ತು.

ಒಂದು ಭಾನುವಾರ ಅವನು, “ಒಂದೇ ಸದ್ದನ್ನ ಇಬ್ಬರೂ ಒಟ್ಟಿಗೆ ಕೇಳಿದ್ರೆ ಜಗಳ ಕಮ್ಮಿಯಾಗ್ಬೋದು,” ಎಂದು ತಲೆಪಟ್ಟಿಯನ್ನು ಬಿಡಿಸಿ ಒಂದು ಬಟ್ಟಲನ್ನು ತನ್ನ ಕಿವಿಗೆ, ಇನ್ನೊಂದನ್ನು ಅವಳ ಕಡೆಗೆ ಹಿಡಿದ. ತಂತಿ ಗಿಡ್ಡವಾಗಿತ್ತು. ಅವಳು ಬಾಗಬೇಕಾಯಿತು. ಶ್ರೀಗಂಧದ ಸಾಬೂನಿನ ವಾಸನೆ ಬಂತು. ಅವನ ಕೆನ್ನೆಯ ಮೇಲೆ ಕ್ಷೌರ ಮಾಡುವಾಗ ತಪ್ಪಿಹೋದ ಒಂದೇ ಒಂದು ಕೂದಲು ಕಂಡಿತು. ಇಷ್ಟು ನೀಟಾದ ಮನುಷ್ಯನಲ್ಲಿ ಆ ಒಂದು ತಪ್ಪು ಅವಳಿಗೆ ಯಾಕೋ ಬಹಳ ಮುದ್ದಾಗಿ ತೋರಿತು.

“ಕೇಳ್ತಿದೆಯಾ?” ಎಂದ.

“ಹೂಂ,” ಎಂದಳು. ವೀಣೆ ಮುಗಿದು ಎಷ್ಟೋ ಹೊತ್ತಾಗಿತ್ತು. ಟೇಪು ಬರಿದೇ ಸುತ್ತುತ್ತಿತ್ತು. ಇಬ್ಬರೂ ಅದನ್ನು ಹೇಳಲಿಲ್ಲ.

ಎಪ್ರಿಲ್‌ನಲ್ಲಿ ಅವಳು ಹಳೇ ಸಹೋದ್ಯೋಗಿಯಿಂದ ಒಂದು ಆಸಿಲೇಟರ್ ಕೇಳಿ ತಂದಳು. ಬೇಕಾದ ಒಂದೇ ಸ್ವರವನ್ನು ಬೇಕಾದಷ್ಟು ಮೆಲ್ಲಗೆ ಅಥವಾ ಜೋರಾಗಿ ಹೊರಡಿಸುವ ಪೆಟ್ಟಿಗೆ ಅದು. “ಎಮ್ಮೆ ಗಿಮ್ಮೆ ಎಲ್ಲ ಬೇಡ. ಅಳತೆ ಮಾಡೋಣ. ನಾನು ಒಂದೊಂದಾಗಿ ಸ್ವರ ಕೊಡ್ತೀನಿ. ಕೇಳಿದ ಕೂಡಲೇ ಬೆರಳೆತ್ತಿ.”

ಅವನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತ. ಮೊದಲು ಎಡ ಬಟ್ಟಲು. ಸೆಕೆಂಡಿಗೆ ಇನ್ನೂರು ಕಂಪನದ ಸ್ವರ, ಆಮೇಲೆ ಐನೂರು, ಸಾವಿರ, ಎರಡು ಸಾವಿರ. ಪೆಟ್ಟಿಗೆಯ ಗುಂಡಿಯನ್ನು ಅವಳು ಕೂದಲಷ್ಟು ತಿರುಗಿಸುವುದರೊಳಗೆ ಬೆರಳು ಏಳುತ್ತಿತ್ತು. ನಾಲ್ಕು ಸಾವಿರಕ್ಕೆ ಬಂದಳು. ಬೆರಳು ಏಳಲಿಲ್ಲ. ಸ್ವಲ್ಪ ಹೆಚ್ಚಿಸಿದಳು. ಇಲ್ಲ. ಇನ್ನೂ ಹೆಚ್ಚಿಸಿದಳು. ಬಟ್ಟಲಿನ ತೆರೆದ ಜಾಲರಿಯಿಂದ ಸ್ವರ ಆಚೆಗೆ ಸೋರಿ ಮೇಜಿನ ಈ ಕಡೆ ಕುಳಿತ ಅವಳಿಗೇ ಕೇಳತೊಡಗಿತು. ಅವನು ಕಣ್ಣು ಮುಚ್ಚಿ ಕಾಯುತ್ತಿದ್ದ.

“ಏನೋ ಅದು ಕೀಂಯ್ ಅಂತಿದೆ?” ಎಂದು ಅಡುಗೆ ಮನೆಯಿಂದ ಸತ್ಯವತಿ ಕೂಗಿದಳು. “ನಲ್ಲೀಲಿ ಗಾಳಿ ಬರ್ತಿದೆಯಾ?”

ಆಗಲೂ ಬೆರಳು ಏಳಲಿಲ್ಲ. ಇನ್ನೂ ಎರಡು ಗೆರೆ ದಾಟಿದ ಮೇಲೆ ನಿಧಾನವಾಗಿ ಎದ್ದಿತು.

“ನೋಡಿದ್ರಾ?” ಅವನು ಕಣ್ಣು ತೆರೆದು ಗೆದ್ದವನಂತೆ ನಕ್ಕ. “ನಾಲ್ಕು ಸಾವಿರದಲ್ಲಿ ನಿಮ್ಮ ಹೆಡ್‌ಫೋನಿಗೆ ಜೀವಾನೇ ಇಲ್ಲ. ನಾನು ಬರೆದಿದ್ದು ಇದೇನೇ.”

ಕೃಷ್ಣವೇಣಿ ಮತ್ತೆ ಕಣ್ಣು ಮುಚ್ಚಲು ಹೇಳಿ, ಅವನಿಗೆ ತಿಳಿಯದಂತೆ ಹೆಡ್‌ಫೋನನ್ನು ತಿರುಗಿಸಿ, ಎಡ ಬಟ್ಟಲನ್ನು ಅವನ ಬಲಗಿವಿಗೆ ಇಟ್ಟಳು. ಅದೇ ಸ್ವರ. ಬೆರಳು ಬೇಗನೇ ಎದ್ದಿತು. ಬಲ ಬಟ್ಟಲನ್ನು ಎಡಗಿವಿಗೆ ಕೊಟ್ಟಳು. ಬೆರಳು ಸತ್ತ ಹಾಗೆ ತೊಡೆಯ ಮೇಲೇ ಬಿದ್ದಿತ್ತು.

“ನೀವು ಮೊದಲಿಂದ್ಲೂ ಡ್ರಾಯಿಂಗ್ ಸೆಕ್ಷನ್ನಾ?” ಎಂದು ಕೇಳಿದಳು. ಅವನು ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಫ್ಯಾಕ್ಟರಿಯ ನಕ್ಷೆ ಬರೆಯುವ ವಿಭಾಗದಲ್ಲಿ.

“ಇಲ್ಲಪ್ಪ. ಆರು ವರ್ಷ ಹ್ಯಾಮರ್ ಶಾಪ್. ಕಾಯ್ಸಿದ ಕಬ್ಬಿಣ ಬಡಿಯೋ ಕಡೆ. ನನ್ನ ಜಾಗ ಹ್ಯಾಮರ್‌ನ ಎಡಗಡೆ... ಅಲ್ಲ, ಹ್ಯಾಮರ್ ನನ್ನ ಎಡಗಡೆ. ಯಾಕೆ?”

“ಸುಮ್ನೆ.”

ಆರು ವರ್ಷದ ಆ ಬಡಿತ ಅವನ ಎಡಗಿವಿಯನ್ನು ತಿಂದಿತ್ತು. ಮುಖ ಎಡಕ್ಕೆ ತಿರುಗಿಸಿಕೊಂಡು ಕೂರುವುದು ಸೊಕ್ಕಲ್ಲ, ಕೇಳುವ ಕಿವಿಯನ್ನು ಮಾತಿನ ಕಡೆ ಕೊಡುವುದು ಎಂದು ಆಗ ಅವಳಿಗೆ ತಿಳಿಯಿತು. ಅವನಿಗೇ ಅದು ಗೊತ್ತಿರಲಿಲ್ಲ. ಅವನು ಉತ್ಸಾಹದಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ: ‘೪೦೦೦ದಲ್ಲಿ ಶವ.’

ಹೇಳಬೇಕಿತ್ತು. ಹೇಳಲಾಗಲಿಲ್ಲ. ಮುಂದಿನ ಭಾನುವಾರವೂ ಹೋದಳು, ಉಪ್ಪಿಟ್ಟು ತಿಂದಳು, ಅವನ ಬೈಗುಳ ಕೇಳಿದಳು, ಏನೂ ಹೇಳದೆ ಬಂದಳು. ಅವನಲ್ಲಿ ಅವನಿಗೆ ಅತ್ಯಂತ ಹೆಮ್ಮೆಯಿದ್ದದ್ದು ಆ ಕಿವಿಯ ಬಗ್ಗೆ. ಅದನ್ನು ಕಿತ್ತುಕೊಳ್ಳುವ ಕೈ ತನ್ನದಾಗುವುದು ಅವಳಿಗೆ ಬೇಡವಾಗಿತ್ತು.

ಆ ವಾರ, ಮಾರಾಟವಾಗದೆ ಉಳಿದ ಹಳೇ ಹೆಡ್‌ಫೋನಿನ ಬಾಕ್ಸುಗಳನ್ನಾದರೂ ತೆಗೆದುಕೊಳ್ಳಿ ಎಂದು ಕೇಳಲು ಒಂದು ಬಾಕ್ಸು ಹಿಡಿದು ಅವಳು ಗುಂಡಣ್ಣನ ಅಂಗಡಿಗೆ ಹೋದಳು. ಬೆಳಗಿನ ವ್ಯಾಪಾರದ ಹೊತ್ತು, ಅಂಗಡಿಯ ತುಂಬ ಜನ. ಗುಂಡಣ್ಣ ಅವಳನ್ನು ಕಂಡೊಡನೆ ಎಲ್ಲರಿಗೂ ಕೇಳುವ ಹಾಗೆ, “ಬಂದ್ರಪ್ಪ, ಹಳಸಿದನ್ನ ಹೆಡ್‌ಫೋನು ಬಂತು!” ಎಂದ.

ಒಬ್ಬ ಗಿರಾಕಿ ಬಾಕ್ಸಿನಿಂದ ಹೆಡ್‌ಫೋನ್ ತೆಗೆದು ಮೂಸಿ ಮುಖ ಕಿವುಚಿದ. ಇನ್ನೊಬ್ಬ ಅದನ್ನು ಅವನ ಕೈಯಿಂದ ಕಿತ್ತು ತಾನೂ ಮೂಸಿದ. ಎಲ್ಲರೂ ನಕ್ಕರು. ನಾಲ್ವರು ಹೆಂಗಸರ ಆರು ತಿಂಗಳ ದುಡಿಮೆ ಆ ಕೈಗಳಲ್ಲಿ ಕೊಳೆತ ಹಣ್ಣಿನ ಹಾಗೆ ದಾಟುತ್ತ ಹೋಯಿತು.

“ಬರೆದೋನಿಗೆ ಕಿವೀನೇ ಕೇಳಲ್ಲ, ಗುಂಡಣ್ಣೋರೇ!” ಎಂದಳು ಕೃಷ್ಣವೇಣಿ. ಮಾತು ಬಾಯಿಂದ ಹೊರಟಾಗಿತ್ತು. “ನಾನೇ ಅಳತೆ ಮಾಡಿದೀನಿ. ಎಡಗಿವಿ ಕಿವುಡು. ಕಿವುಡ ಬರೆದಿದ್ದನ್ನ ನೀವು ನಂಬ್ಕೊಂಡು ಕೂತಿದೀರ!”

ಅಂಗಡಿಯಲ್ಲಿ ಮೊದಲಿಗಿಂತ ದೊಡ್ಡ ನಗು ಎದ್ದಿತು. ಗುಂಡಣ್ಣ ಹೊಟ್ಟೆ ಹಿಡಿದುಕೊಂಡ. “ಹೌದಾ! ನಾಲ್ಕು ವರ್ಷದಿಂದ ನಮಗೆಲ್ಲ ಪಾಠ ಹೇಳ್ತಿರೋ ಆಸಾಮಿ ಕಿವುಡನಾ! ಇಳಿಸಮ್ಮ, ಎಷ್ಟಿದೆಯೋ ಅಷ್ಟೂ ಇಳಿಸು. ಈ ಕಥೆ ಹೇಳಿಕೊಂಡೇ ಮಾರ್ತೀನಿ.”

ಮಾಲು ಇಳಿಯಿತು. ಮುನಿನಾರಾಯಣಮ್ಮ ಅಂದು ಎಲ್ಲರಿಗೂ ಬೋಂಡ ತರಿಸಿದಳು. ಕೃಷ್ಣವೇಣಿ ಒಂದನ್ನು ಬಾಯಿಗಿಟ್ಟಳು, ನುಂಗಲಾಗಲಿಲ್ಲ. ಹಿತ್ತಲಿಗೆ ಹೋಗಿ ಉಗಿದಳು. ನಾಲಿಗೆಯ ಮೇಲೆ ತನ್ನದೇ ಮಾತಿನ ಕಹಿ ಇತ್ತು. ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ.

ಭಾನುವಾರ ಬಾಗಿಲು ತೆರೆದೇ ಇತ್ತು. ಸೇತುರಾಮ ಮೇಜಿನ ಮುಂದೆ ಕುಳಿತಿದ್ದ. ಕ್ಷೌರ ಮಾಡಿಕೊಂಡಿರಲಿಲ್ಲ. ಮುಂದೆ ಅವಳೇ ಬಿಟ್ಟುಹೋಗಿದ್ದ ಆಸಿಲೇಟರ್, ಒಂದು ಹಾಳೆಯ ತುಂಬ ಅಂಕಿ.

“ನಿನ್ನೆ ಗುಂಡಣ್ಣನ ಅಂಗಡಿಗೆ ಹೋಗಿದ್ದೆ,” ಎಂದ ತಲೆಯೆತ್ತದೆ. “ಅವರು ಮಾತಾಡ್ಲಿಲ್ಲ. ಚೀಟೀಲಿ ಬರೆದು ತೋರಿಸಿದ್ರು. ಎಲ್ಲರೂ ನಕ್ಕರು. ನನಗೆ ಮೊದಲು ಅರ್ಥ ಆಗ್ಲಿಲ್ಲ, ನಾನೂ ನಕ್ಕೆ.”

ಕೃಷ್ಣವೇಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. “ನಾನೇ ಹೇಳಿದ್ದು.”

“ಗೊತ್ತು. ಇವತ್ತು ಬೆಳಿಗ್ಗೆ ಅಮ್ಮನ ಕೈಲಿ ಗುಂಡಿ ತಿರುಗಿಸ್ಕೊಂಡು ನೋಡಿದೆ. ‘ಮಷೀನೇ ಸರಿಯಿಲ್ಲ ಕಣೋ’ ಅಂತ ಅಮ್ಮ ಅತ್ಲು. ಮಷೀನ್ ಸರಿಯಾಗಿದೆ.”

“ನಿಮಗೆ ಹೇಳೋದಕ್ಕೇ ಬಂದೆ ಇವತ್ತು.”

“ಎರಡು ವಾರ ತಡವಾಗಿ.” ಅವನು ಈಗ ಅವಳ ಕಡೆ ನೋಡಿದ. “ನೀವು ಅಂಗಡೀಲಿ ಹೇಳಿದ್ದು ನನಗೆ ದೊಡ್ಡದಲ್ಲ, ಕೃಷ್ಣವೇಣಿಯವರೇ. ಸಿಟ್ಟಲ್ಲಿ ಜನ ಏನೇನೋ ಅಂತಾರೆ, ನಾನೇ ಏನೇನೋ ಬರೆದಿದೀನಿ. ಆದ್ರೆ ಗೊತ್ತಾದ್ಮೇಲೂ ಇಲ್ಲಿ ನನ್ನ ಎದುರು ಕೂತು, ನನ್ನ ಬಡಾಯಿ ಎಲ್ಲ ಕೇಳ್ತಾ, ನನ್ನ ಮುಖ ನೋಡ್ತಾ ಇದ್ರಲ್ಲ. ಏನಂದ್ಕೊಂಡು ನೋಡ್ತಿದ್ರಿ? ಪಾಪ ಅಂತಾನಾ?”

“ಪಾಪ ಅಂತ ಅಲ್ಲ.”

“ಮತ್ತೆ?”

ಅಂಗಡಿಯಲ್ಲಿ ಅಷ್ಟು ಸಲೀಸಾಗಿ ಹೊರಟ ನಾಲಿಗೆ ಈಗ ಹೊರಳಲಿಲ್ಲ. ಆ ಮಾತಿನ ಮೇಲೆ ಈ ಉತ್ತರವನ್ನು ಇಟ್ಟರೆ ಇದೂ ಹೊಲಸಾಗುತ್ತದೆ ಎನಿಸಿತು.

ಅವನು ನೋಟ್‌ಬುಕ್ಕಿನ ಹಾಳೆಗಳನ್ನು ತಿರುವಿದ. “ನಾಲ್ಕು ವರ್ಷ. ಇಪ್ಪತ್ತಾರು ಜನ ಮಾಡಿದ ವಸ್ತುಗಳ ಮೇಲೆ ಬರೆದೆ. ಒಬ್ಬ ಅಂಗಡೀನೇ ಮುಚ್ಚಿದ ಅಂತ ಕೇಳಿದ್ದೆ. ಆಗ ಒಳ್ಳೇದಾಯ್ತು ಅಂದ್ಕೊಂಡೆ. ಈಗ ಈ ಅಕ್ಷರ ನೋಡಿದ್ರೆ ನನಗೇ ಅಸಹ್ಯ ಆಗತ್ತೆ.” ಪುಸ್ತಕ ಮುಚ್ಚಿದ. “ಇನ್ಮೇಲೆ ಭಾನುವಾರ ಬರ್ಬೇಡಿ. ನಿಮ್ಮ ಮೇಲಿನ ಸಿಟ್ಟಿಗಲ್ಲ. ನನಗೆ ಯಾರ ಎದುರೂ ಕೂರೋದಕ್ಕೆ ಆಗ್ತಿಲ್ಲ.”

ಮೂರು ಭಾನುವಾರ ಅವಳು ಮನೆಯಲ್ಲೇ ಇದ್ದಳು. ಆ ಮೂರು ವಾರಗಳಲ್ಲಿ ಅವಳು ಮಾಡಿದ ಮೊದಲ ಕೆಲಸವೆಂದರೆ ಯಶವಂತಪುರಕ್ಕೆ ಹೋಗಿದ್ದು. ವ್ಯಾಪಾರದ ಹೊತ್ತನ್ನೇ ನೋಡಿಕೊಂಡು ಹೋದಳು.

“ಗುಂಡಣ್ಣೋರೇ, ಅವತ್ತು ನಾನು ಸಿಟ್ಟಲ್ಲಿ ಮಾತಾಡಿದೆ. ಆ ಮನುಷ್ಯನ ಒಂದು ಕಿವಿ ಸ್ವಲ್ಪ ಮಂದ. ಆದ್ರೆ ಅವರು ಬರೆದಿದ್ರಲ್ಲಿ ಮುಕ್ಕಾಲು ನಿಜ. ನನ್ನ ಮಾಲಿನ ಸ್ಪಂಜು ನಾರತ್ತೆ, ತಲೆಪಟ್ಟಿ ಕೂದಲು ಕೀಳತ್ತೆ, ಮೃದಂಗ ಊದ್ಕೊಂಡು ಕೇಳತ್ತೆ. ಅದನ್ನ ಕೇಳೋದಕ್ಕೆ ಅವರ ಬಲಗಿವಿ ಸಾಕಾಯ್ತು. ನೀವ್ಯಾರೂ ಅವರನ್ನ ನೋಡಿ ನಗ್ಬೇಡಿ. ನನ್ನ ಮಾಲು ವಾಪಸ್ ಕೊಡಿ.”

“ಹುಚ್ಚೇನಮ್ಮ ನಿನಗೆ? ಮಾರಾಟ ಆಗ್ತಿದೆ!”

“ಆ ಕಥೆ ಮೇಲೆ ಮಾರಾಟ ಆಗೋದು ನನಗೆ ಬೇಡ.”

ಬಾಕ್ಸುಗಳನ್ನು ಆಟೋದಲ್ಲಿ ಹೇರಿಕೊಂಡು ಬಂದಾಗ ಮುನಿನಾರಾಯಣಮ್ಮ ಹಣೆ ಚಚ್ಚಿಕೊಂಡಳು. ಆದರೆ ಮಾರನೆಯ ದಿನ ಮೊದಲು ಬಂದು ಹಳೇ ಸ್ಪಂಜು ಕೀಳಲು ಕುಳಿತವಳೂ ಅವಳೇ. ಗೋಂದು ಬದಲಾಯಿತು. ತಲೆಪಟ್ಟಿಗೆ ಬಟ್ಟೆಯ ಒರೆ ಬಂತು. ಹಿಂಬದಿಯ ಜಾಲರಿಗೆ ಉಣ್ಣೆಯ ಬಿಲ್ಲೆ ಅಂಟಿಸಿದ ಮೇಲೆ ಮೃದಂಗ ಊತ ಇಳಿಸಿಕೊಂಡು ಮೃದಂಗವಾಯಿತು. ಮೇಲಿನ ಸ್ವರಗಳನ್ನು ಅವಳು ಮುಟ್ಟಲಿಲ್ಲ. ಅವು ಮೊದಲಿನಿಂದಲೂ ಸರಿಯಾಗಿದ್ದವು.

ಜೂನ್ ಸಂಚಿಕೆ ಬಂತು. ಹನ್ನೊಂದನೆಯ ಪುಟದಲ್ಲಿ ಚಿತ್ರದ ಬದಲು ಒಂದು ವಕ್ರರೇಖೆ ಅಚ್ಚಾಗಿತ್ತು. ಆಸ್ಪತ್ರೆಯಲ್ಲಿ ತೆಗೆದ ಸೇತುರಾಮನ ಎಡಗಿವಿಯ ನಕ್ಷೆ. ಎರಡು ಸಾವಿರದವರೆಗೆ ನೆಟ್ಟಗೆ ಬಂದ ಗೆರೆ ನಾಲ್ಕು ಸಾವಿರದಲ್ಲಿ ಬಾವಿಗೆ ಬಿದ್ದಿತ್ತು.

“ಇದು ಯಾವ ಹೆಡ್‌ಫೋನಿನದೂ ಅಲ್ಲ, ನನ್ನದು,” ಎಂದು ಅವನು ಬರೆದಿದ್ದ. “ನಾಲ್ಕು ವರ್ಷಗಳಲ್ಲಿ ಮೇಲಿನ ಸ್ವರ ಸತ್ತಿದೆ ಎಂದು ನಾನು ಬರೆದ ಕಡೆಗಳಲ್ಲೆಲ್ಲ ಸತ್ತಿದ್ದದ್ದು ನನ್ನ ಕಿವಿ. ಆ ಮಾತುಗಳನ್ನು ಓದುಗರು ಹೊಡೆದುಹಾಕಬೇಕು. ನನ್ನಿಂದ ಕೆಟ್ಟವರ ಕ್ಷಮೆ ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ವೇಣಿ–೨ರ ವಾಸನೆ, ತಲೆಪಟ್ಟಿ ಮತ್ತು ಕೆಳಗಿನ ಸ್ವರದ ಬಗ್ಗೆ ಹೇಳಿದ್ದು ಮಾತ್ರ ಹಾಗೆಯೇ ಇರಲಿ. ಇದು ನನ್ನ ಕೊನೆಯ ಅಂಕಣ.”

ಕ್ಷಮೆ ಕೇಳುವಾಗಲೂ ವಾಸನೆ ಬಿಟ್ಟುಕೊಡದ ಮನುಷ್ಯ! ಕೃಷ್ಣವೇಣಿ ನಗುತ್ತ ಓದಿದಳು. ಓದಿ ಮುಗಿಸುವಾಗ ಕಾಗದದ ಮೇಲೆ ಎರಡು ಹನಿ ಬಿದ್ದಿದ್ದವು.

ಅವನು ಬಂದದ್ದು ಅದಾದ ನಾಲ್ಕನೆಯ ದಿನ, ಗುರುವಾರ, ಫ್ಯಾಕ್ಟರಿಗೆ ರಜೆ ಹಾಕಿ. ಹನ್ನೊಂದು ಗಂಟೆಯ ಬಿಸಿಲಲ್ಲಿ ಹಳಿ ದಾಟಿ ಬಂದು ಶೀಟ್ ಮನೆಯ ಮುಂದೆ ನಿಂತ. ಹೊಸ್ತಿಲಲ್ಲಿ ಕುಳಿತಿದ್ದ ಅಶ್ವತ್ಥಪ್ಪ, “ಯಾರು ಬೇಕಿತ್ತು ಸ್ವಾಮಿ?” ಎಂದು ಕೇಳಿದ.

“ನಾನು ಸೇತುರಾಮ ಅಂತ. ನಿಮ್ಮ ಮಗಳ ಹೆಡ್‌ಫೋನ್ ಬಗ್ಗೆ ಕೆಟ್ಟದಾಗಿ ಬರೆದವನು.”

ಅಶ್ವತ್ಥಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದ್ದು ದಾರಿ ಬಿಟ್ಟ. “ಒಳಗೆ ಹೋಗಿ. ಬೈಸ್ಕೊಳೋದಾದ್ರೆ ಅಲ್ಲೇ ಬೈಸ್ಕೊಳ್ಳಿ, ಬಿಸಿಲಿದೆ.”

ಒಳಗೆ ಸುತ್ತುವ ಯಂತ್ರಗಳ ಗುಯ್‌ಗುಟ್ಟುವಿಕೆ, ಬೆಸುಗೆಯ ಹೊಗೆ, ನೆಲದ ಮೇಲೆ ಸ್ಪಂಜಿನ ಚೂರು. ಕೃಷ್ಣವೇಣಿ ಎದ್ದು ನಿಂತಳು. ಕೈಗೆಲ್ಲ ಗೋಂದು. ತಲೆ ಕೆದರಿತ್ತು. ಅವನ ಬಿಳಿ ಜುಬ್ಬ ಆ ಬಾಗಿಲಿನ ಜಿಡ್ಡಿಗೆ ತಾಗಿ ತೋಳಿನ ಮೇಲೆ ಕಪ್ಪು ಗೆರೆ ಎದ್ದಿತು. ಅವನು ಅದನ್ನು ನೋಡಿದ, ಹಾಗೇ ಬಿಟ್ಟ.

“ಗುಂಡಣ್ಣ ಮನೆಗೆ ಬಂದಿದ್ರು,” ಎಂದ. “ನೀವು ಅಂಗಡೀಲಿ ಬಂದು ಹೇಳಿದ್ದೆಲ್ಲ ಹೇಳಿದ್ರು. ಮಾಲು ವಾಪಸ್ ತಂದಿದ್ದೂ ಹೇಳಿದ್ರು.”

“ಹೇಳ್ಬಾರ್ದಿತ್ತು ಅವರು.”

“ಅವರಿಗೆ ಗುಟ್ಟು ನಿಲ್ಲಲ್ಲ. ನಿಮಗೇ ಗೊತ್ತಲ್ಲ.” ಒಂದು ಸಣ್ಣ ನಗೆ ಅವನ ತುಟಿಯ ಮೇಲೆ ಬಂದು ಹೋಯಿತು. “ಇವತ್ತು ನನಗೆ ಅಂಕಣ ಇಲ್ಲ. ಯಾವುದನ್ನೂ ವಿಮರ್ಶೆ ಮಾಡೋಕೆ ಬಂದಿಲ್ಲ. ಅವತ್ತು ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲ. ಪಾಪ ಅಂತ ಅಲ್ಲ ಅಂದ್ರಿ. ಮತ್ತೆ ಏನು ಅಂತ ಕೇಳೋದಕ್ಕೆ ಬಂದೆ. ಯಾಕಂದ್ರೆ, ನಾನು ನಿಮ್ಮನ್ನ ನೋಡ್ತಿದ್ದದ್ದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಆ ಉಪ್ಪಿಟ್ಟು ತಿನ್ನೋ ಭಾನುವಾರ ದಿನಾ ಬರ್ಬಾರ್ದಾ ಅಂತ ಅನ್ನಿಸ್ತಿತ್ತು. ನಾವು ಬೇರೆ ನೀವು ಬೇರೆ ಅಂತ ಹೇಳೋ ಜನ ಇದ್ದಾರೆ. ಅಮ್ಮನ್ನ ಕೇಳಿದೆ. ‘ಚಪ್ಪಲಿ ಮ್ಯಾಟ್ ಮೇಲೆ ಬಿಡೋಳೇ ನಿನಗೆ ಸರಿ’ ಅಂದ್ಲು.”

ಕೃಷ್ಣವೇಣಿ ಕೈಯ ಗೋಂದನ್ನು ಉಜ್ಜುತ್ತ ತಲೆ ತಗ್ಗಿಸಿ ಏನೋ ಹೇಳಿದಳು. ಯಂತ್ರಗಳು ಗುಯ್‌ಗುಟ್ಟುತ್ತಿದ್ದವು.

ಅವನು ಒಂದು ಹೆಜ್ಜೆ ಹತ್ತಿರ ಬಂದ. ಮುಖ ತಿರುಗಿಸಿ ಬಲಗಿವಿಯನ್ನು ಅವಳ ಕಡೆ ಕೊಟ್ಟ. “ನನಗೆ ಕೇಳಿಸ್ಲಿಲ್ಲ,” ಎಂದ.

ಹೀಗೆ ಅವನು ಎಂದೂ ಯಾರೆದುರೂ ಹೇಳಿದವನಲ್ಲ. ಆದರೂ ನಿಂತಲ್ಲಿಂದ ಕದಲಲಿಲ್ಲ.

ಕೃಷ್ಣವೇಣಿ ತಲೆಯೆತ್ತಿದಳು. “ನನಗೂ ಹಾಗೇ ಅನ್ನಿಸ್ತಿತ್ತು ಅಂದೆ! ಇಷ್ಟ ಇದ್ದಿದ್ದಕ್ಕೇ ಹೇಳೋಕಾಗ್ಲಿಲ್ಲ ಅಂದೆ! ಮದುವೆ ಆಗ್ತೀನಿ ಅಂದೆ!”

ಕೊನೆಯ ಮಾತಿನ ಹೊತ್ತಿಗೆ ಮುನಿನಾರಾಯಣಮ್ಮ ಯಂತ್ರ ನಿಲ್ಲಿಸಿಬಿಟ್ಟಿದ್ದಳು. ಉಳಿದ ಮೂವರೂ ನಿಲ್ಲಿಸಿದ್ದರು. ಹೊಸ್ತಿಲಲ್ಲಿ ಅಶ್ವತ್ಥಪ್ಪ ಬೀಡಿಯನ್ನು ತುಟಿಯ ಹತ್ತಿರಕ್ಕೆ ತಂದವನು ಅಲ್ಲೇ ಹಿಡಿದುಕೊಂಡಿದ್ದ.

“ನಮ್ಗೆಲ್ಲ ಕೇಳುಸ್ತು ಕಣಪ್ಪ,” ಎಂದಳು ಮುನಿನಾರಾಯಣಮ್ಮ. “ನಿಂಗೆ ಕೇಳುಸ್ತಾ?”

ಸೇತುರಾಮ ಗೋಂದು ಮೆತ್ತಿದ್ದ ಆ ಕೈಯನ್ನು ಒರೆಸದೆ, ನೋಡದೆ, ಹಾಗೆಯೇ ಹಿಡಿದುಕೊಂಡ.

“ಕೇಳಿಸ್ತು,” ಎಂದ.